ಶಾಲು ಆಮೇಲೆ, ಮೊದಲು ಬೂಟು

ಸೇನೆಗೆ ಆಯ್ಕೆಯಾದವರಿಗೆ ನಮ್ಮ ಮನಗೂಳಿ, ಬಸವನ ಬಾಗೇವಾಡಿ ಕಡೆ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡುತ್ತಾರೆ. ಅದು ಸಂತೋಷದ ವಿಷಯವೇ. ಆದರೆ ತರಬೇತಿಗೆ ಹೊರಡುವವನ ಚೀಲದಲ್ಲಿ ಹೊಸ ಬೂಟು ಡಬ್ಬಿ ಒಡೆಯದೆ ಹಾಗೇ ಇದ್ದರೆ ಅದನ್ನು ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದು ನನ್ನ ವಾದ.

ಹೊಸ ಚಪ್ಪಲಿ ಕಚ್ಚುತ್ತದೆ ಎನ್ನುವುದು ನಮಗೆಲ್ಲ ಗೊತ್ತು. ಬೂಟು ಅದಕ್ಕಿಂತ ಜೋರಾಗಿ ಕಚ್ಚುತ್ತದೆ. ಬೆವರು, ಬಿಸಿ, ತಿಕ್ಕಾಟ ಮೂರೂ ಸೇರಿದಾಗ ಹಿಮ್ಮಡಿ, ಕಿರುಬೆರಳಿನ ಚರ್ಮದ ಪದರ ಬೇರ್ಪಟ್ಟು ನೀರು ತುಂಬಿಕೊಳ್ಳುತ್ತದೆ. ಮನೆಯಲ್ಲಾದರೆ ಎರಡು ದಿನ ಚಪ್ಪಲಿ ಬಿಟ್ಟು ಓಡಾಡಬಹುದು. ಅಕಾಡೆಮಿಯಲ್ಲಿ ನಸುಕಿನಿಂದಲೇ ಪಿ.ಟಿ., ಡ್ರಿಲ್, ಓಟ. ಗುಳ್ಳೆ ಮಾಯಲು ಬಿಡುವಿಲ್ಲ. ಅದು ಒಡೆದು ಕೀವಾದರೆ ಮೈದಾನದ ಬದಲು ವೈದ್ಯರ ಮುಂದೆ ಕೂರಬೇಕು. ತರಬೇತಿ ಬಹಳ ದಿನ ತಪ್ಪಿದರೆ ಹಿಂದಿನ ಬ್ಯಾಚಿಗೆ ಇಳಿಸುವ ಪದ್ಧತಿಯೂ ಇದೆ.

ಅಗ್ನಿವೀರ ಭರ್ತಿಯಲ್ಲಿ 1.6 ಕಿ.ಮೀ. ಓಟಕ್ಕೆ ಪೂರ್ಣ 60 ಅಂಕ ಬೇಕೆಂದರೆ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅದಕ್ಕಾಗಿ ನಮ್ಮವರು ವರ್ಷಗಟ್ಟಲೆ ಓಡುತ್ತಾರೆ, ಕೆಲವರು ಬರಿಗಾಲಲ್ಲೇ. ಎರೆಹೊಲದಲ್ಲಿ ಅಡ್ಡಾಡಿದ ಅಂಗಾಲು ಗಟ್ಟಿಯೇ. ಆದರೆ ಬೂಟು ಕಚ್ಚುವುದು ಅಂಗಾಲನ್ನಲ್ಲ. ದಿನವಿಡೀ ಚಪ್ಪಲಿಯಲ್ಲಿ ತೆರೆದೇ ಇದ್ದ ಹಿಮ್ಮಡಿ ಮತ್ತು ಬೆರಳುಗಳನ್ನು. ಪಕ್ಕದ ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಅಲ್ಲಿ ಆರನೇ ತರಗತಿಗೆ ಸೇರಿದ ಮಗುವಿಗೆ ಪರೇಡು, ಬೂಟು ಚಿಕ್ಕಂದಿನಲ್ಲೇ ರೂಢಿಯಾಗುತ್ತವೆ. ಹಳ್ಳಿಯ ಕಾಲೇಜಿನಿಂದ ನೇರವಾಗಿ ಹೋಗುವವರಿಗೆ ಆ ಅವಕಾಶವಿಲ್ಲ. 2022ರಿಂದ ಖಡಕವಾಸ್ಲಾದ ಎನ್‌ಡಿಎಗೆ ಹೆಣ್ಣುಮಕ್ಕಳೂ ಹೋಗುತ್ತಿದ್ದಾರೆ. ಸ್ಯಾಂಡಲ್ಲಿನಲ್ಲೇ ಕಾಲೇಜು ಮುಗಿಸಿದ ತಂಗಿಯರಿಗೂ ಈ ಮಾತು ಅನ್ವಯಿಸುತ್ತದೆ.

‘ಬೂಟು ಅಲ್ಲೇ ಕೊಡ್ತಾರಲ್ಲ, ಇಲ್ಲಿ ಯಾಕ ಖರ್ಚು?’ ಎಂದು ಕೇಳುವವರಿದ್ದಾರೆ. ಕೊಡುತ್ತಾರೆ, ನಿಜ. ಆದರೆ ಪಳಗಬೇಕಾದ್ದು ಬೂಟು ಮಾತ್ರವಲ್ಲ, ಕಾಲು ಕೂಡ. ಸೇರ್ಪಡೆ ಸೂಚನಾ ಪತ್ರದಲ್ಲಿ ಏನೇನು ತರಬೇಕೆಂಬ ಪಟ್ಟಿ ಇರುತ್ತದೆ. ಅದನ್ನು ಮೊದಲು ಓದಿ, ಕನಿಷ್ಠ ಒಂದು ತಿಂಗಳು ಮುಂಚೆ ಬೂಟು ಕೊಳ್ಳಬೇಕು.

ಅಂಗಡಿಗೆ ಸಂಜೆ ಹೋಗುವುದು ಒಳ್ಳೆಯದು. ದಿನವೆಲ್ಲ ಓಡಾಡಿದ ಕಾಲು ಆಗ ತುಸು ಉಬ್ಬಿರುತ್ತದೆ. ದಪ್ಪ ಸಾಕ್ಸ್ ಹಾಕಿಯೇ ಅಳತೆ ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಇರಲಿ, ನಡೆಯುವಾಗ ಹಿಮ್ಮಡಿ ಮೇಲೇಳಬಾರದು. ಮೊದಲ ವಾರ ದಿನಕ್ಕೆ ಅರ್ಧ ಗಂಟೆ ಮನೆಯಲ್ಲೇ ತೊಡಿ. ಎರಡನೇ ವಾರ ಹೊಲದ ತನಕ ನಡೆಯಿರಿ. ಆಮೇಲೆ ನಾಲ್ಕೈದು ಕಿ.ಮೀ. ನಡಿಗೆ, ಕೊನೆಗೆ ನಿಧಾನ ಓಟ. ಒಂದೇ ಕಡೆ ಉರಿಯತೊಡಗಿದರೆ ಅಲ್ಲೇ ನಿಂತು ಬೂಟು ಬಿಚ್ಚಿ, ಆ ಜಾಗಕ್ಕೆ ಟೇಪು ಹಚ್ಚಿ. ಗುಳ್ಳೆ ಎದ್ದರೆ ಚರ್ಮ ಕೀಳಬೇಡಿ. ತೊಳೆದು, ಒರೆಸಿ, ಮುಚ್ಚಿಡಿ.

ಚಪ್ಪಲಿಗೆ ಎಣ್ಣೆ ಉಣಿಸುವ ಹಿರಿಯರ ಉಪಾಯ ಬೂಟಿಗೆ ಹೊಂದುವುದಿಲ್ಲ. ಎಣ್ಣೆ ಹೆಚ್ಚಾದರೆ ಚರ್ಮ ಸಡಿಲಾಗುತ್ತದೆ, ಹೊಳಪೂ ಬರುವುದಿಲ್ಲ. ತೆಳುವಾಗಿ ಪಾಲಿಶ್ ಹಚ್ಚಿದರೆ ಸಾಕು. ನೀರಲ್ಲಿ ನೆನೆಸಿ ಬಿಸಿಲಿಗೋ ಒಲೆಯ ಮುಂದೆಯೋ ಒಣಗಿಸಿದರೆ ಚರ್ಮ ಬಿರಿಯುತ್ತದೆ.

ಇದನ್ನೆಲ್ಲ ಹೇಳಿಕೊಡಬೇಕಾದವರು ಯಾರು? ಓಟ, ಲಿಖಿತ ಪರೀಕ್ಷೆಗೆ ಶುಲ್ಕ ಪಡೆಯುವ ಕೋಚಿಂಗ್ ಕೇಂದ್ರಗಳು ಕೊನೆಯ ತಿಂಗಳಲ್ಲಿ ಕಾಲಿನ ಆರೈಕೆಗೂ ಒಂದು ತರಗತಿ ಇಡಲಿ. ಊರಿನ ಮಾಜಿ ಸೈನಿಕರನ್ನು ಸನ್ಮಾನದ ವೇದಿಕೆಗಷ್ಟೇ ಕರೆಯದೆ ಮೈದಾನಕ್ಕೂ ಕರೆಯೋಣ. ಲೇಸು ಬಿಗಿಯುವುದನ್ನು ಅವರಿಗಿಂತ ಚೆನ್ನಾಗಿ ತೋರಿಸುವವರಿಲ್ಲ. ಶಾಲು, ಹಾರಕ್ಕೆ ಕೂಡಿಸುವ ಹಣದಲ್ಲಿ ಬಡ ಮನೆಯ ಹುಡುಗನಿಗೆ ಒಂದು ಜೊತೆ ಒಳ್ಳೆಯ ಬೂಟು ಬರುತ್ತದೆ. ಅದನ್ನು ಹೊರಡುವ ದಿನ ಕೊಡಬೇಡಿ, ಆಯ್ಕೆಯ ಪತ್ರ ಬಂದ ವಾರವೇ ಕೊಡಿ.