ಬೆವರು ಅಳಿಸಿದ ಮುಖದಲ್ಲಿ ನಟ ಎಲ್ಲಿ?

‘ಹೊಸ ಚಿತ್ರಕ್ಕೆ ಕಲಾವಿದರು ಬೇಕಾಗಿದ್ದಾರೆ’ ಎಂಬ ಪೋಸ್ಟರು ಉಡುಪಿ, ಮಣಿಪಾಲದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಬೀಳುವುದು ಈಗ ಸುದ್ದಿಯೇ ಅಲ್ಲ. 2014ರ ‘ಉಳಿದವರು ಕಂಡಂತೆ’ಯಲ್ಲಿ ರಕ್ಷಿತ್ ಶೆಟ್ಟಿ ಮಲ್ಪೆಯನ್ನು ಪರದೆಗೆ ತಂದರು. 2022ರ ‘ಕಾಂತಾರ’ ಕರಾವಳಿಯ ರಂಗ ಕಲಾವಿದರನ್ನು ದೇಶದ ಮುಂದೆ ನಿಲ್ಲಿಸಿತು. 2025ರಲ್ಲಿ ‘ಸು ಫ್ರಮ್ ಸೋ’ ಬಂದ ಮೇಲಂತೂ ತನ್ನ ಮುಖಕ್ಕೂ ಒಂದು ಪಾತ್ರ ಸಿಕ್ಕೀತು ಎಂಬ ಆಸೆ ಹಲವರಲ್ಲಿ ಚಿಗುರಿದೆ. ಆಸೆಯ ಮೊದಲ ಮೆಟ್ಟಿಲು ಫೋಟೊ.

ಆ ಫೋಟೊದಲ್ಲೇ ಎಡವಟ್ಟಾಗುವುದು. ಮೇಕಪ್ ಇಲ್ಲದ, ಫಿಲ್ಟರ್ ಹಾಕದ ಚಿತ್ರ ಕಳಿಸಿ ಎಂದು ಕೇಳಿದರೂ ಹೋಗುವುದು ಬೇರೆಯೇ. ಬೆನ್ನಿಗೆ 1901ರ ಕಾಪು ದೀಪಸ್ತಂಭ, ಕಣ್ಣಿಗೆ ತಂಪು ಕನ್ನಡಕ, ಸಂಜೆ ಬಿಸಿಲಿನ ಹೊಂಬಣ್ಣ, ಮೇಣ ಹಚ್ಚಿದಂತೆ ನುಣುಪಾದ ಕೆನ್ನೆ. ಮದುವೆಗೆ ಹುಡುಗ ಹುಡುಕುವವರಿಗೆ ಇಷ್ಟು ಸಾಕಾದೀತು. ನಟನನ್ನು ಹುಡುಕುವವರಿಗೆ ಈ ಚಿತ್ರದಲ್ಲಿ ನೋಡುವುದಕ್ಕೆ ಉಳಿದಿರುವುದು ದೀಪಸ್ತಂಭ ಒಂದೇ.

ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಕೈಕಾಲಿನ ಅಭಿನಯವನ್ನು ಕಲಿಸಬಹುದು, ಮಾತನ್ನು ಬಾಯಿಪಾಠ ಮಾಡಿಸಬಹುದು. ಇವು ಮಾತ್ರ ಮನಸ್ಸು ಪಾತ್ರದಲ್ಲಿ ನಿಂತಾಗಲೇ ಮೈಮೇಲೆ ಏಳುವಂಥವು. ಒಂದು ಸ್ಥಿರಚಿತ್ರಕ್ಕೆ ಇವುಗಳಲ್ಲಿ ದಕ್ಕುವುದು ಕೆಲವೇ. ಒಡೆದ ದನಿ ಫೋಟೊದಲ್ಲಿ ಕೇಳಿಸುವುದಿಲ್ಲ, ನಡುಕ ಬರಿಯ ಮಸುಕಾಗಿ ಬೀಳುತ್ತದೆ. ಉಳಿಯುವುದು ಬೆವರು, ನಿಮಿರಿದ ರೋಮ, ಬದಲಾದ ಮುಖದ ಬಣ್ಣ, ತುಂಬಿದ ಕಣ್ಣು. ಮೊಬೈಲಿನ ಬ್ಯೂಟಿ ಫಿಲ್ಟರು ಮೊದಲು ಕೈಹಾಕುವುದು ಇವಕ್ಕೇ. ಬೆವರನ್ನು ಒರೆಸುತ್ತದೆ, ಚರ್ಮವನ್ನು ಸಪಾಟು ಮಾಡುತ್ತದೆ, ಬಣ್ಣವನ್ನು ಒಂದೇ ಹದಕ್ಕೆ ತರುತ್ತದೆ. ಭಾವ ಹುಟ್ಟಿದ್ದಕ್ಕೆ ಇದ್ದ ಸಾಕ್ಷಿಯೆಲ್ಲ ಒಂದೇ ಬೆರಳಿಗೆ ಅಳಿಸಿಹೋಗುತ್ತದೆ.

ಹಾಗಾದರೆ ನಟನ ಮುಖದಲ್ಲಿ ‘ನಿಜವಾದ’ ಭಾವ ಎಂದರೆ ಯಾವುದು? ಈ ಜಗಳ ಕ್ಯಾಮೆರಾದಷ್ಟೇ ಹಳೆಯದು. 1862ರಲ್ಲಿ ಫ್ರೆಂಚ್ ವೈದ್ಯ ದ್ಯುಶೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ ಹಾಯಿಸಿ, ಅದರ ಫೋಟೊಗಳ ಸಮೇತ ಪುಸ್ತಕ ಪ್ರಕಟಿಸಿದ. ತುಟಿಯ ಅಂಚನ್ನು ಬೇಕೆಂದಾಗ ಎಳೆಯಬಹುದು, ಕಣ್ಣಿನ ಸುತ್ತಲ ಸ್ನಾಯು ಮಾತ್ರ ಮನಸಾರೆ ನಕ್ಕಾಗಲೇ ಬಿಗಿಯುತ್ತದೆ ಎಂದ. ಹತ್ತು ವರ್ಷಗಳ ನಂತರ ಡಾರ್ವಿನ್ ಭಾವಗಳ ಬಗ್ಗೆ ಪುಸ್ತಕ ಬರೆದಾಗ ಈ ಚಿತ್ರಗಳನ್ನೂ ಬಳಸಿದ. ತಮಾಷೆಯೆಂದರೆ ಅದೇ ಪುಸ್ತಕದ ಇನ್ನು ಕೆಲವು ಭಾವಗಳಿಗೆ ಛಾಯಾಗ್ರಾಹಕ ರೈಲಾಂಡರ್ ತಾನೇ ಕ್ಯಾಮೆರಾ ಮುಂದೆ ನಿಂತು ನಟಿಸಿದ್ದ. ಕಣ್ಣಿನ ಆ ಸ್ನಾಯುವನ್ನೂ ಬೇಕೆಂದೇ ಬಿಗಿಯಬಲ್ಲವರು ಬಹಳ ಮಂದಿ ಇದ್ದಾರೆಂದು ಮುಂದಿನ ಅಧ್ಯಯನಗಳು ತೋರಿಸಿದವು.

ನಟನಿಗೆ ಇದು ಸಮಾಧಾನದ ಸುದ್ದಿ. ಅವನ ಕಸುಬೇ ಬೇಕೆಂದು ಭಾವ ತರುವುದು. ಫೋಟೊ ತೆಗೆಯುವವರು ಅದು ಸಾಚಾವೋ ಖೋಟಾವೋ ಎಂದು ಪರೀಕ್ಷೆ ಮಾಡುವ ಅಗತ್ಯವಿಲ್ಲ. ಮುಖದ ಹಿಂದೆ ಒಂದು ಯೋಚನೆ ಓಡುತ್ತಿದೆಯೇ ಎಂದು ನೋಡಿದರೆ ಸಾಕು.

ಉಡುಪಿಯಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕೊಡವೂರಿನ ನೃತ್ಯನಿಕೇತನದ ಮಾನಸಿ ಸುಧೀರ್ ಕನ್ನಡದ ಕವಿತೆಗಳಿಗೆ ಅಭಿನಯಿಸಿದ ಪುಟ್ಟ ವಿಡಿಯೊಗಳು ಊರೂರು ಸುತ್ತಿದವು. ಅವುಗಳಲ್ಲಿ ದೊಡ್ಡ ಸೆಟ್ಟಿಲ್ಲ, ಕಣ್ಣು ಹುಬ್ಬು ತುಟಿಗಳದ್ದೇ ಕಾರುಬಾರು. ಮುಂದೆ ‘ಕಾಂತಾರ’ದಲ್ಲಿ ಶಿವನ ತಾಯಿ ಕಮಲಳಾಗಿ ಅವರನ್ನು ಎಲ್ಲರೂ ನೋಡಿದರು. ಯಾವುದೇ ಸ್ಟುಡಿಯೊ ಆಲ್ಬಮ್ಮಿಗಿಂತ ಆ ವಿಡಿಯೊಗಳು ನಟಿಯೊಬ್ಬರ ಮುಖವನ್ನು ಚೆನ್ನಾಗಿ ಪರಿಚಯಿಸಿದ್ದವು. ಹಿಂದಿನ ತಲೆಮಾರಿನಲ್ಲಿ ವಾಸುದೇವ ರಾವ್ ಇದ್ದರು. ಕೋಟದ ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು ‘ಚೋಮನ ದುಡಿ’ಯಾಗಿಸಿದಾಗ ಚೋಮನ ಪಾತ್ರಕ್ಕೆ ಅವರಿಗೆ 1975ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಆ ಮುಖದ ಸುಕ್ಕನ್ನು ಮುಚ್ಚಲು ಹೋಗಲಿಲ್ಲ. ಮುಚ್ಚಿದ್ದರೆ ಚೋಮನೇ ಇರುತ್ತಿರಲಿಲ್ಲ.

ಇನ್ನು ಯಕ್ಷಗಾನದ ಚೌಕಿ, ಅಂದರೆ ಬಣ್ಣದ ಮನೆ. ಅಲ್ಲಿ ಕಲಾವಿದ ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಬಣ್ಣ ಅರ್ಧ ಏರಿದ ಹೊತ್ತಿನಲ್ಲಿ ಅವನು ಯಾರಿಗೂ ಪೋಸು ಕೊಡುತ್ತಿರುವುದಿಲ್ಲ. ಚೌಕಿಯ ಫೋಟೊಗಳು ರಂಗದ ಫೋಟೊಗಳಿಗಿಂತ ಹೆಚ್ಚು ಹೊತ್ತು ಕಣ್ಣನ್ನು ಹಿಡಿದು ನಿಲ್ಲಿಸುವುದು ಇದರಿಂದಲೇ ಇರಬೇಕು.

ಸ್ಟುಡಿಯೊದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ‘ಒಂತೆ ತೆಲಿಪುಲೆ’ (ಸ್ವಲ್ಪ ನಗಿ) ಎಂದು ತುಳುವಿನಲ್ಲಿ ಹೇಳಿದೊಡನೆ ತುಟಿ ಅಗಲವಾಗುತ್ತದೆ, ಕಣ್ಣು ಅಲ್ಲೇ ಹೆಪ್ಪುಗಟ್ಟುತ್ತದೆ. ಬೇಕಿರುವುದು ಅಪ್ಪಣೆಯಲ್ಲ, ಮಾಡಲು ಒಂದು ಕೆಲಸ. ಛಾಯಾಗ್ರಾಹಕ ಫಿಲಿಪ್ ಹಾಲ್ಸ್‌ಮನ್ ಫ್ರೆಂಚ್ ಹಾಸ್ಯನಟ ಫೆರ್ನಾಂಡೆಲ್‌ನನ್ನು ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಕೇಳಿದ. ಉತ್ತರವನ್ನು ಮುಖದಲ್ಲೇ ಕೊಡಬೇಕು, ಮಾತಾಡುವಂತಿಲ್ಲ. 1949ರಲ್ಲಿ ಅದು ಒಂದು ಪುಸ್ತಕವೇ ಆಯಿತು. ಇಲ್ಲೂ ಹೀಗೆ ಮಾಡಬಹುದು. ಲೆನ್ಸಿನ ಪಕ್ಕದಲ್ಲಿ ಸಹನಟರೊಬ್ಬರನ್ನು ನಿಲ್ಲಿಸಿ ಸಂಭಾಷಣೆ ಹೇಳಿಸಿದರೆ ಕೇಳುವವರ ಮುಖ ತಾನಾಗಿ ಕೆಲಸ ಶುರುಮಾಡುತ್ತದೆ. ಕ್ಲಿಕ್ಕಿಸಬೇಕಾದ್ದು ಮಾತು ಮುಗಿದ ಮರುಗಳಿಗೆಯಲ್ಲಿ.

ಬೆಳಕಿನ ವಿಷಯಕ್ಕೆ ಬಂದರೆ ಕರಾವಳಿಯ ಮಳೆಗಾಲ ಪುಕ್ಕಟೆ ಸಿಗುವ ಸ್ಟುಡಿಯೊ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಬಿಸಿಲನ್ನು ಸೋಸಿ ಕೊಡುತ್ತದೆ, ಕಣ್ಣಗುಳಿಯಲ್ಲಿ ನೆರಳು ನಿಲ್ಲುವುದಿಲ್ಲ. ಕಾರ್ಕಳದ ಹಳೆಯ ಮನೆಯೊಂದರ ಜಗಲಿ ಇದ್ದರೆ ಮತ್ತೂ ಒಳ್ಳೆಯದು. ಗಾರೆ ಹಚ್ಚದ ಕೆಂಪುಕಲ್ಲಿನ ಗೋಡೆಯಿಂದ ಮಾತ್ರ ತುಸು ದೂರ ನಿಲ್ಲಬೇಕು, ಇಲ್ಲವಾದರೆ ಗೋಡೆಯ ಕೆಂಪು ಕೆನ್ನೆಗೆ ಬಡಿಯುತ್ತದೆ. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ಊದಿ ಕಿವಿ ಹಿಂದೆ ಸರಿಯುತ್ತದೆ. ಎರಡು ಹೆಜ್ಜೆ ಹಿಂದೆ ಹೋಗಿ 2x ಅಥವಾ 3x ಲೆನ್ಸಿನಲ್ಲಿ ತೆಗೆಯಬೇಕು. ಕ್ಯಾಮೆರಾ ಇದ್ದವರು 85 ಮಿ.ಮೀ. ಲೆನ್ಸು ಹಾಕುವುದೂ ಇದೇ ಕಾರಣಕ್ಕೆ. ಮೊಡವೆಯನ್ನು ಅಳಿಸಲಿ, ತಕರಾರಿಲ್ಲ, ಆಡಿಷನ್ ಹೊತ್ತಿಗೆ ಅದು ಹೇಗೂ ಹೋಗಿರುತ್ತದೆ. ಮಚ್ಚೆ, ಹಣೆಯ ಗೆರೆ, ಗಾಯದ ಕಲೆಗಳನ್ನು ಮುಟ್ಟಬಾರದು.

ಭಾವದ ಹೆಸರಿನಲ್ಲಿ ಅತಿಗೆ ಹೋಗುವವರೂ ಇದ್ದಾರೆ. ತೀರಿಹೋದವರನ್ನು ನೆನಪಿಸಿ ಅಳಿಸಿ ಫೋಟೊ ತೆಗೆಯುವುದು ಕ್ರೌರ್ಯ, ಕಲೆಯಲ್ಲ. ‘ಕಾಂತಾರ’ದ ನಂತರ ದೈವದ ಆವೇಶವನ್ನು ಅನುಕರಿಸಿ ಪೋರ್ಟ್‌ಫೋಲಿಯೊ ಮಾಡಿಸುವ ಹುಚ್ಚೂ ಹಾಗೆಯೇ. 2025ರಲ್ಲಿ ‘ಕಾಂತಾರ: ಚಾಪ್ಟರ್ 1’ ಬಂದಾಗ ದೈವವನ್ನು ಅನುಕರಿಸಬೇಡಿ ಎಂದು ಚಿತ್ರತಂಡವೇ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ದೈವದ ಕೋಲ ನಂಬಿಕೆಗೆ ಸೇರಿದ್ದು, ಅದು ನಟನಾ ಸಾಮರ್ಥ್ಯದ ಪುರಾವೆಯಾಗಲಾರದು.

ಮಣಿಪಾಲದ ಸಂವಹನ ಸಂಸ್ಥೆಯಲ್ಲಿ ಕ್ಯಾಮೆರಾ ಕಲಿಯುವ ಮಕ್ಕಳಿದ್ದಾರೆ. ಉಡುಪಿಯಲ್ಲಿ ರಂಗಭೂಮಿ ಸಂಸ್ಥೆಯ ನಾಟಕ ಸ್ಪರ್ಧೆ ನಡೆಯುತ್ತದೆ, ಕಾರ್ಕಳದಲ್ಲಿ ಯಕ್ಷ ರಂಗಾಯಣವಿದೆ. ಈ ಮೂವರು ಒಂದೆಡೆ ಸೇರಲು ದೊಡ್ಡ ಖರ್ಚೇನೂ ಬೇಡ. ನಾಟಕದ ದಿನ ನೇಪಥ್ಯದಲ್ಲಿ ಒಂದು ಬಿಳಿ ಬಟ್ಟೆ, ಒಂದು ದೀಪ, ಒಂದು ಕುರ್ಚಿ ಇಟ್ಟರಾಯಿತು. ಪಾತ್ರ ಮುಗಿಸಿ ಬಣ್ಣ ತೊಳೆದು ಬಂದ ನಟ ಐದು ನಿಮಿಷ ಅಲ್ಲಿ ಕೂರಲಿ, ಪಾತ್ರದ ಕೊನೆಯ ಮಾತನ್ನು ಸಹನಟರು ಇನ್ನೊಮ್ಮೆ ಹೇಳಲಿ. ತೆಗೆದ ಚಿತ್ರ ತಿದ್ದುಪಡಿಯಿಲ್ಲದೆ ಅಂದೇ ಅವನ ಫೋನಿಗೆ ಹೋಗಲಿ. ಮುಂದಿನ ಸ್ಪರ್ಧೆಯಲ್ಲಿ ಇದನ್ನು ಮಾಡಿ ನೋಡಬಹುದು.