ಲೊಕೇಶನ್ ಆಫ್ ಮಾಡಿ ಎನ್ನುವವರಿಗೆ

ಗೋವಾದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಆಗಾಗ ಸುತ್ತು ಹೊಡೆಯುತ್ತದೆ. ‘ಕ್ಯಾಮರಾದ ಲೊಕೇಶನ್ ಈಗಲೇ ಆಫ್ ಮಾಡಿ, ಇಲ್ಲದಿದ್ದರೆ ನಿಮ್ಮ ಮನೆ ಎಲ್ಲಿದೆ ಎಂದು ಕಳ್ಳರಿಗೆ ಗೊತ್ತಾಗುತ್ತದೆ.’ ಕಳಿಸುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಬಾಡಿಗೆ ಮನೆ, ಸಣ್ಣ ಅಂಗಡಿ, ಅರ್ಧಂಬರ್ಧ ಕಾಗದಪತ್ರದ ಮೇಲೆ ಬದುಕು ಕಟ್ಟಿಕೊಂಡಿರುವ ನಮ್ಮಂಥವರಿಗೆ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಲೊಕೇಶನ್ ಆನ್ ಇರಲಿ. ಯಾರಿಗೆ ತೋರಿಸಬೇಕು, ಯಾರಿಗೆ ತೋರಿಸಬಾರದು ಎಂಬುದನ್ನು ನಾವು ನಿರ್ಧರಿಸೋಣ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ವಕೀಲಿಕೆಯಲ್ಲ. ನಮ್ಮ ಕೆಲಸದಲ್ಲಿ ಒಂದು ತೂತು 40 ಮಿಲಿಮೀಟರ್ ದೂರದಲ್ಲಿರಬೇಕು ಎಂದರೆ ಮೊದಲ ಪ್ರಶ್ನೆ, ಎಲ್ಲಿಂದ? ಆ ‘ಎಲ್ಲಿಂದ’ ಎಂಬುದಕ್ಕೆ ಡೇಟಮ್ ಎನ್ನುತ್ತಾರೆ. ಅದಿಲ್ಲದ ಅಳತೆಯನ್ನು ಯಾರೂ ಒಪ್ಪುವುದಿಲ್ಲ. ನನ್ನ ಉಪ್ಪ ಅಂಗಡಿಯ ಸಾಲದ ಪುಸ್ತಕದಲ್ಲಿ ಹೆಸರು, ತಾರೀಕು ಇಲ್ಲದೆ ಒಂದು ಸಾಲನ್ನೂ ಬರೆದವರಲ್ಲ. ನಮ್ಮ ಮೊಬೈಲಿನ ಸಾವಿರಾರು ಫೋಟೊಗಳು ಮಾತ್ರ ಹೆಸರಿಲ್ಲದ ಸಾಲದಂತೆ ಬಿದ್ದಿವೆ.

ಕ್ಯಾಮರಾ ಫೋಟೊ ತೆಗೆದಾಗ ಫೈಲಿನೊಳಗೆ ಚಿತ್ರದ ಜೊತೆ ಒಂದು ಚೀಟಿಯೂ ಸೇರುತ್ತದೆ. ಅದಕ್ಕೆ ಎಕ್ಸಿಫ್ ಎಂದು ಹೆಸರು, 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಪದ್ಧತಿ. ಯಾವ ಕ್ಯಾಮರಾ, ಯಾವ ದಿನ, ಎಷ್ಟು ಗಂಟೆ ಎಂಬುದೆಲ್ಲ ಅದರಲ್ಲಿರುತ್ತದೆ. ಲೊಕೇಶನ್ ಆನ್ ಇದ್ದರೆ ಅಕ್ಷಾಂಶ, ರೇಖಾಂಶ ಕೂಡ. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಜಾಗ ಹೇಳುತ್ತದೆ. ಗೋಡೆಗೆ ಗೋಡೆ ತಾಗಿದ ಓಣಿಯಲ್ಲಿ ಅಷ್ಟು ಸಾಲದು, ಪಕ್ಕದ ಮನೆಯೂ ಅದೇ ಚುಕ್ಕೆಯಲ್ಲಿ ಬರುತ್ತದೆ. ಆದ್ದರಿಂದ ಮನೆ ನಂಬರ್, ಕರೆಂಟಿನ ಮೀಟರ್, ಎದುರಿನ ಮರ ಅಥವಾ ಕಟ್ಟಡವೂ ಫೋಟೊದಲ್ಲಿ ಬರಬೇಕು.

ಇದೆಲ್ಲ ಗೋವಾದಲ್ಲಿ ಯಾಕೆ ಮುಖ್ಯ? ಇಲ್ಲಿ ಮನೆ ಉಳಿಯುವುದೂ ಹೋಗುವುದೂ ತಾರೀಕಿನ ಮೇಲೆ ನಿಂತಿದೆ. ಕಡಲತೀರದ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿ 19ರಂದು. ಅದಕ್ಕಿಂತ ಮೊದಲೇ ಇದ್ದ ಮನೆಯ ಲೆಕ್ಕ ಬೇರೆ, ಆಮೇಲೆ ಎದ್ದ ಮನೆಯ ಲೆಕ್ಕ ಬೇರೆ. ಅನಧಿಕೃತ ಕಟ್ಟಡಗಳನ್ನು ಸಕ್ರಮಗೊಳಿಸಲು ಗೋವಾ 2016ರಲ್ಲಿ ತಂದ ಕಾಯ್ದೆಗೆ ಗಡಿ 2014ರ ಫೆಬ್ರವರಿ 28. ಸರ್ಕಾರಿ ಜಾಗದ ಮನೆಗಳ ವಿಷಯದಲ್ಲಿ 2025ರಲ್ಲಿ ತಿದ್ದುಪಡಿ ತಂದಾಗಲೂ ಅದೇ ತಾರೀಕನ್ನು ಇಟ್ಟುಕೊಂಡರು. ಈ ಕಾಯ್ದೆಗಳು ಎಲ್ಲರಿಗೂ ಅನ್ವಯಿಸುವುದಿಲ್ಲ, ಷರತ್ತುಗಳು ಬೇಕಾದಷ್ಟಿವೆ. ಆದರೆ ಕಚೇರಿಯ ಮೇಜಿನ ಮುಂದೆ ಬರುವ ಪ್ರಶ್ನೆ ಒಂದೇ: ಆ ದಿನ ಈ ಜಾಗದಲ್ಲಿ ಈ ಮನೆ ಇತ್ತೇ?

ವಾಸ್ಕೋದ ಬೈನಾ ನೆನಪಿದೆಯಲ್ಲ? 2004ರ ಜೂನ್ ಮಳೆಯಲ್ಲಿ ಅಲ್ಲಿ ಜೆಸಿಬಿ ಓಡಿತು. 2015ರಲ್ಲಿ ಮತ್ತೆ ಓಡಿತು. ಮನೆ ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದಿಂದ ಬಂದ ಕೂಲಿಯವರು ಬಹಳ ಜನ. ಅವರ ಬಳಿ ಜಿಪಿಎಸ್ ಇರುವ ಫೋಟೊ ಇದ್ದಿದ್ದರೆ ಮನೆ ಉಳಿಯುತ್ತಿತ್ತು ಎಂದು ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಮನೆ ಬಿದ್ದ ಮೇಲೆ ಎಷ್ಟು ವರ್ಷ, ಎಲ್ಲಿ, ಹೇಗೆ ಇದ್ದೆವು ಎಂದು ತೋರಿಸಲು ಕೈಯಲ್ಲಿ ಏನಾದರೂ ಇರಬೇಕು. ಗೂಗಲ್ ಅರ್ಥ್‌ನ ಹಳೆಯ ಚಿತ್ರದಲ್ಲಿ ಚಾವಣಿ ಕಾಣಿಸುತ್ತದೆ ನಿಜ. ಚಾವಣಿಯ ಕೆಳಗೆ ಯಾರಿದ್ದರು, ಅಂಗಡಿಯ ಬೋರ್ಡಿನಲ್ಲಿ ಯಾರ ಹೆಸರಿತ್ತು ಎಂದು ಆಕಾಶದಿಂದ ಕಾಣಿಸುವುದಿಲ್ಲ.

ಸರ್ಕಾರಕ್ಕೆ ಇದರ ಬೆಲೆ ಚೆನ್ನಾಗಿ ಗೊತ್ತು. ಪ್ರಧಾನಮಂತ್ರಿ ಆವಾಸ್ ಮನೆಗೆ ಕಂತು ಬರಬೇಕಾದರೆ ಹಂತ ಹಂತವಾಗಿ ಜಿಯೋಟ್ಯಾಗ್ ಫೋಟೊ ಬೇಕು. ಉದ್ಯೋಗ ಖಾತ್ರಿಯ ಕೂಲಿಗಳಿಗೆ 2023ರ ಜನವರಿ 1ರಿಂದ ದಿನಕ್ಕೆರಡು ಸಲ ಹಾಜರಿಯ ಜಿಯೋಟ್ಯಾಗ್ ಫೋಟೊ ಕಡ್ಡಾಯವಾಯಿತು. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಮನೆ ಕೆಡವುವ ಮೊದಲು 15 ದಿನಗಳ ನೋಟಿಸ್ ಕೊಡಬೇಕು, ಕೆಡವುವುದನ್ನು ವಿಡಿಯೊ ಮಾಡಬೇಕು ಎಂದು ಹೇಳಿತು (ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗಕ್ಕೆ ಆ ರಕ್ಷಣೆ ಇಲ್ಲ). ಎಲ್ಲ ಕಡೆಯೂ ಕ್ಯಾಮರಾ ಇರುವುದು ಅಧಿಕಾರಿಯ ಕೈಯಲ್ಲಿ. ನಮ್ಮ ಜಾಗದ ದಾಖಲೆ ಅವರಲ್ಲಿದೆ, ನಮ್ಮಲ್ಲಿಲ್ಲ. ಇಂಥಾ ಹೊತ್ತಿನಲ್ಲಿ ‘ಆಫ್ ಮಾಡಿ’ ಎನ್ನುವುದು ನಮ್ಮ ಪ್ರತಿಯನ್ನು ನಾವೇ ಹರಿದು ಹಾಕಿದಂತೆ.

ಇನ್ನು ಕೆಲವರು ‘ನಾವು ಜಿಪಿಎಸ್ ಕ್ಯಾಮರಾ ಆಪ್ ಹಾಕಿಕೊಂಡಿದ್ದೇವಲ್ಲ’ ಎನ್ನುತ್ತಾರೆ. ಫೋಟೊದ ಕೆಳಗೆ ಪುಟ್ಟ ನಕ್ಷೆ, ಊರಿನ ಹೆಸರು, ಗಂಟೆ ಎಲ್ಲ ಅಚ್ಚಾಗಿ ಬರುತ್ತದೆ. ನೋಡಲು ಚೆಂದ. ಆದರೆ ಅದು ಚಿತ್ರದ ಮೇಲೆ ಬರೆದ ಅಕ್ಷರ ಅಷ್ಟೆ, ಅಂಥ ಹಲವು ಆಪ್‌ಗಳಲ್ಲಿ ಜಾಗವನ್ನು ಕೈಯಾರೆ ಬದಲಾಯಿಸಬಹುದು. ಉದ್ಯೋಗ ಖಾತ್ರಿಯ ಆಪ್‌ನಲ್ಲಿ ಫೋಟೊದ ಫೋಟೊ ತೆಗೆದು, ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರ ಹಾಕಿ ಹಾಜರಿ ತುಂಬಿದ್ದನ್ನು 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆಯಲ್ಲಿ ಬರೆಯಿತು. ಮುದ್ರೆ ಇದೆ ಎಂದ ಮಾತ್ರಕ್ಕೆ ಸತ್ಯವಾಗುವುದಿಲ್ಲ. ಮುದ್ರೆ ಬೇಕಿದ್ದರೆ ಒತ್ತಿಕೊಳ್ಳಿ, ಆದರೆ ಮುದ್ರೆಯಿಲ್ಲದ ಮೂಲ ಫೋಟೊ ಒಂದು ಇರಲೇಬೇಕು.

ಆ ಮೂಲವನ್ನು ನಾವು ಕೊಲ್ಲುವುದು ಎಲ್ಲಿ ಗೊತ್ತೇ? ವಾಟ್ಸಾಪಿನಲ್ಲಿ. ಫೋಟೊವನ್ನು ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿನ ಜಾಗದ ಚೀಟಿ ಹಾರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಕಳ್ಳರ ಹೆದರಿಕೆ ಹುಟ್ಟಿಸುವ ಮೆಸೇಜು ಬರುವ ಗುಂಪಿನಲ್ಲೇ ಜಾಗ ತಾನಾಗಿ ಅಳಿಸಿಹೋಗುತ್ತಿದೆ ಎಂಬುದು ಕಳಿಸಿದವರಿಗೆ ಗೊತ್ತಿಲ್ಲ. ಮೊಬೈಲ್ ಬದಲಾಯಿಸುವಾಗ ಗ್ಯಾಲರಿ ಅಳಿಸಿ, ‘ಗುಂಪಿನಲ್ಲಿ ಹೇಗೂ ಇದೆಯಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳುವವರು ಇದನ್ನು ಎರಡು ಸಲ ಓದಿ.

ಎಕ್ಸಿಫ್ ಕೂಡ ತಿದ್ದಬಹುದಲ್ಲ ಎಂದು ಕೇಳುವವರಿದ್ದಾರೆ. ತಿದ್ದಬಹುದು. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದೇ ಸಾಲಿನ ಆದೇಶ ಸಾಕು, ವಾಸ್ಕೋ ಫೋಟೊ ಮಂಗಳೂರಿನದಾಗುತ್ತದೆ. ಬಾಡಿಗೆ ರಶೀದಿಯನ್ನೂ ನಕಲಿ ಮಾಡಬಹುದು, ಹಾಗೆಂದು ರಶೀದಿ ಇಟ್ಟುಕೊಳ್ಳುವುದನ್ನು ಯಾರಾದರೂ ಬಿಟ್ಟಿದ್ದಾರೆಯೇ? ಒಂದೇ ಫೋಟೊ ಸಾಕ್ಷಿಯಾಗುವುದು ಕಷ್ಟ. ವರ್ಷಕ್ಕೆ ಎರಡರಂತೆ ಹತ್ತು ವರ್ಷದ ಫೋಟೊಗಳು, ಅದೇ ವಿಳಾಸದ ಕರೆಂಟ್ ಬಿಲ್ಲು, ನೆರೆಮನೆಯವರ ಫೋಟೊ ಎಲ್ಲ ಒಂದಕ್ಕೊಂದು ತಾಳೆಯಾದಾಗ ತಳ್ಳಿಹಾಕುವುದು ಸುಲಭವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಡಿಜಿಟಲ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತಾರೆ, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಒಳಗೆ ಒಂದು ಚುಕ್ಕೆ ಬದಲಾದರೂ ಅದು ಬೇರೆಯಾಗುತ್ತದೆ. ಅದಕ್ಕೇ ಮೂಲ ಫೈಲು ಬೇಕು ಎಂದು ಇಷ್ಟು ಗಂಟಲು ಹರಿದುಕೊಳ್ಳುತ್ತಿರುವುದು.

ಅಪಾಯವೇ ಇಲ್ಲ ಎಂದು ಹೇಳುತ್ತಿಲ್ಲ. 2012ರ ಡಿಸೆಂಬರಿನಲ್ಲಿ ಪೊಲೀಸರಿಂದ ತಪ್ಪಿಸಿಕೊಂಡಿದ್ದ ಸಾಫ್ಟ್‌ವೇರ್ ಉದ್ಯಮಿ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿದ್ದಾನೆ ಎಂಬುದು ವೈಸ್ ಪತ್ರಿಕೆ ಹಾಕಿದ ಒಂದು ಐಫೋನ್ ಫೋಟೊದ ಜಿಪಿಎಸ್‌ನಿಂದಲೇ ಬಯಲಾಯಿತು. ಹೆಣ್ಣುಮಕ್ಕಳ, ಮಕ್ಕಳ ಫೋಟೊ ಹೊರಗೆ ಹೋಗುವಾಗ ಜಾಗ ತೆಗೆಯಲೇಬೇಕು. ಐಫೋನಿನಲ್ಲಿ ಹಂಚುವಾಗ ಮೇಲೆ ಕಾಣುವ ಆಪ್ಶನ್ಸ್ ಒತ್ತಿ ಲೊಕೇಶನ್ ತೆಗೆಯಬಹುದು. ಬೇರೆ ಮೊಬೈಲುಗಳಲ್ಲಿ ನಕಲು ಮಾಡಿ ನಕಲಿನಿಂದ ತೆಗೆದರಾಯಿತು. ಹೊರಗೆ ಕಳಿಸುವ ಪ್ರತಿಯಿಂದ ಜಾಗ ತೆಗೆಯುವುದು ಒಂದು ಕೆಲಸ, ಹುಟ್ಟುವಾಗಲೇ ಇಲ್ಲದಂತೆ ಮಾಡುವುದು ಬೇರೆ ಕೆಲಸ. ಮೊದಲನೆಯದು ಎಚ್ಚರಿಕೆ. ಎರಡನೆಯದು ನಷ್ಟ.

ಮದುವೆ, ಉರೂಸಿಗೆ ದೊಡ್ಡ ಕ್ಯಾಮರಾ ಹಿಡಿಯುವ ನಮ್ಮ ಹುಡುಗರಿಗೂ ಒಂದು ಮಾತು. ನಿಮ್ಮ ಹಲವು ಕ್ಯಾಮರಾಗಳಲ್ಲಿ ಜಿಪಿಎಸ್ ಇಲ್ಲ, ಅದು ನೆಪವಲ್ಲ. ಜೇಬಿನ ಮೊಬೈಲಿನಲ್ಲಿ ದಾರಿ ದಾಖಲಿಸುವ ಆಪ್ ಹಾಕಿ, ಕೊನೆಗೆ ಜಿಪಿಎಕ್ಸ್ ಫೈಲು ತೆಗೆದುಕೊಳ್ಳಿ. ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶ ಫೋಟೊದ ಗಂಟೆಯನ್ನೂ ದಾರಿಯ ಗಂಟೆಯನ್ನೂ ಹೊಂದಿಸಿ ಜಾಗ ತುಂಬುತ್ತದೆ. ಕ್ಯಾಮರಾದ ಗಡಿಯಾರ ಮಾತ್ರ ಸರಿಯಿರಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ 5 ನಿಮಿಷದ ತಪ್ಪು ಎಂದರೆ 3 ಕಿಲೋಮೀಟರಿಗೂ ಹೆಚ್ಚು ದೂರದ ತಪ್ಪು. ಜಿಪಿಎಕ್ಸ್‌ನ ಗಂಟೆ ನಮ್ಮದಕ್ಕಿಂತ ಐದೂವರೆ ತಾಸು ಹಿಂದಿರುತ್ತದೆ, ಅದನ್ನೂ ಕೂಡಿಸಬೇಕು. ಶುರುವಿಗೆ ಮೊಬೈಲಿನ ಗಡಿಯಾರದ್ದೇ ಒಂದು ಫೋಟೊ ತೆಗೆದಿಟ್ಟರೆ ವ್ಯತ್ಯಾಸ ಆಮೇಲೆ ಲೆಕ್ಕ ಹಾಕಬಹುದು. ಮನೆಯ ಹಳೆಯ ಪ್ರಿಂಟುಗಳನ್ನು ಸ್ಕ್ಯಾನ್ ಮಾಡಿ ಜಾಗ ಸೇರಿಸುವುದಾದರೆ, ಇದು ಈಗ ಸೇರಿಸಿದ್ದು ಎಂದು ವಿವರದಲ್ಲಿ ಬರೆಯಿರಿ. ಅದನ್ನು ಮುಚ್ಚಿಟ್ಟರೆ ನಿಮ್ಮ ಉಳಿದ ಫೋಟೊಗಳನ್ನೂ ಯಾರೂ ನಂಬುವುದಿಲ್ಲ.

ನಮ್ಮ ಜಮಾಅತ್ ಕಮಿಟಿಗಳೂ ಕನ್ನಡ ಸಂಘಗಳೂ ವರ್ಷವರ್ಷ ಇಫ್ತಾರ್, ರಾಜ್ಯೋತ್ಸವ, ಸನ್ಮಾನ ಮಾಡುತ್ತವೆ. ಮಾಡಲಿ. ಅದರ ಖರ್ಚಿನಲ್ಲಿ ಎರಡು ಹಾರ್ಡ್ ಡಿಸ್ಕಿನ ಹಣ ತೆಗೆದಿಡಲಿ. ಪ್ರತಿ ಮನೆ, ಪ್ರತಿ ಅಂಗಡಿಯ ಫೋಟೊ ಜಾಗ, ತಾರೀಕಿನ ಸಮೇತ ಮೂಲ ಫೈಲಿನಲ್ಲೇ ಕೂಡಿಡಲಿ. ಒಂದು ಡಿಸ್ಕು ಗೋವಾದಲ್ಲಿ, ಇನ್ನೊಂದು ಊರಿನಲ್ಲಿ. ಕೀಲಿ ಮನೆಯವರ ಒಪ್ಪಿಗೆ ಇಲ್ಲದೆ ತೆರೆಯದಿರಲಿ. ಮುಂದಿನ ಗಡಿ ತಾರೀಕು ಯಾವುದೆಂದು ನಮ್ಮನ್ನು ಕೇಳಿ ಇಡುವುದಿಲ್ಲ. ಅದು ಇವತ್ತಿನ ದಿನವೇ ಆಗಿರಬಹುದು. ಹಾಗಾಗಿ ಈ ವಾರವೇ ಮನೆಯ ಹೊರಗೆ ನಿಂತು, ಲೊಕೇಶನ್ ಆನ್ ಮಾಡಿ, ನಾಲ್ಕು ಫೋಟೊ ತೆಗೆಯಿರಿ.