ಹಸಿರು ನೀರನ್ನು ಎಲ್ಲಿ ಚೆಲ್ಲೋದು?



ಪ್ಲಾಸ್ಟಿಕ್ ಬಿಸಾಡಬೇಡಿ ಅಂತ ಈ ಗೋಡೆಯ ಮೇಲೆ ಎಷ್ಟೋ ಸಲ ಓದಿದ್ದೀರಿ. ಒಳ್ಳೆಯದೇ. ಆದರೆ ಟ್ರ್ಯಾಕ್ಟರಿನ ರೇಡಿಯೇಟರಿನಿಂದ ಇಳಿಸುವ ಕೂಲಂಟಿನ ಬಗ್ಗೆ ಯಾರೂ ಬರೆದಿಲ್ಲ. ಅದಕ್ಕೇ ನಾನು ಬರೀತಿದ್ದೀನಿ.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪ ಟ್ರ್ಯಾಕ್ಟರ್ ರಿಪೇರಿ ಮಾಡಿಸಿದರು. ಮೆಕ್ಯಾನಿಕ್ ಕಣದಲ್ಲೇ ಕೂತು ರೇಡಿಯೇಟರ್ ಬಿಚ್ಚಿದ. ಹಸಿರು ನೀರು ಬುಳಬುಳ ಸುರಿದು ಕೊಟ್ಟಿಗೆ ಪಕ್ಕದ ತಗ್ಗಿನಲ್ಲಿ ನಿಂತಿತು. ನಾನೂ ನೋಡ್ತಾ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಸಂಜೆ ನಮ್ಮ ನಾಯಿ ಕರಿಯ ಅದನ್ನು ನೆಕ್ಕುತ್ತಿತ್ತು. ರಾತ್ರಿ ಹೆಂಡ ಕುಡಿದವರ ಹಾಗೆ ತೂರಾಡಿತು, ವಾಂತಿ ಮಾಡಿತು. ಮಾರನೇ ದಿನ ಸುಧಾರಿಸಿದ ಹಾಗೆ ಕಂಡಿತು. ಮೂರನೇ ದಿನ ಸತ್ತುಹೋಯಿತು. ಹಾವು ಕಚ್ಚಿರಬೇಕು ಅಂತ ಅಜ್ಜಿ ಅಂದರು, ನಾವೂ ನಂಬಿದ್ವಿ. ವಿಜ್ಞಾನದ ಮೇಷ್ಟ್ರಿಗೆ ಹೇಳಿದಾಗ ಅವರು ಮೊದಲು ಕೇಳಿದ್ದು, "ಏನಾದ್ರೂ ನೆಕ್ಕಿತ್ತೇನೋ?" ಅಂತ.

ಕೂಲಂಟಿನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್ ಎಂಬ ದ್ರವ. ಚಳಿ ದೇಶಗಳಲ್ಲಿ ರೇಡಿಯೇಟರಿನ ನೀರು ಹೆಪ್ಪುಗಟ್ಟದಿರಲಿ ಅಂತ ಹಾಕುತ್ತಾರೆ. "ನಮ್ಮೂರಲ್ಲಿ ನೀರು ಹೆಪ್ಪುಗಟ್ಟೋದೇ ಇಲ್ವಲ್ಲ ಸಾರ್, ನಮಗ್ಯಾಕೆ?" ಅಂತ ಕೇಳಿದೆ. ಅದು ಬೆರೆತ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಇನ್ನೂ ಹೆಚ್ಚು ಕಾವು ತಡೆಯುತ್ತದೆ, ಒಳಗೆ ತುಕ್ಕೂ ಹಿಡಿಯದ ಹಾಗೆ ಔಷಧಿ ಸೇರಿಸಿರುತ್ತಾರೆ ಅಂದರು. ಅಂದ್ರೆ ಇಂಜಿನಿಗೆ ಬೇಕಾದ್ದೇ. ತೊಂದರೆ ಏನೆಂದರೆ ಅದು ಸಿಹಿ. ನಾಯಿಗೂ ಸಿಹಿ, ಮಕ್ಕಳಿಗೂ ಸಿಹಿ. ಹೊಟ್ಟೆಗೆ ಹೋದ ಮೇಲೆ ದೇಹದೊಳಗೆ ಆಕ್ಸಲಿಕ್ ಆಮ್ಲವಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಒಂದು ಬೆಕ್ಕಿಗೆ ಟೀ ಚಮಚದಷ್ಟೇ ಸಾಕಂತೆ. ಮೊದಲ ಕೆಲವು ಗಂಟೆಗಳಲ್ಲೇ ಪಶುವೈದ್ಯರ ಹತ್ತಿರ ಒಯ್ದರೆ ಉಳಿಯಬಹುದು. ನಾವು ಕರಿಯನನ್ನು ಒಯ್ಯಲಿಲ್ಲ.

ಹಸಿರು ಬಣ್ಣ ನೋಡಿ ಗುರುತಿಸ್ತೀವಿ ಅನ್ನಬೇಡಿ. ಕೆಂಪು, ಗುಲಾಬಿ, ನೀಲಿ ಬಣ್ಣದ್ದೂ ಬರುತ್ತದೆ. ಹಳೆಯದಾದಷ್ಟೂ ರೇಡಿಯೇಟರಿನ ಸೀಸ, ತಾಮ್ರವೂ ಅದರಲ್ಲಿ ಸೇರಿಕೊಂಡಿರಬಹುದು. ಕೆರೆಗೆ ಬಿಟ್ಟರೆ ಅದು ಕರಗುವಾಗ ನೀರಿನ ಆಮ್ಲಜನಕವನ್ನೇ ತಿಂದುಹಾಕುತ್ತದೆ, ಮೀನು ಸಾಯುತ್ತವೆ.

ಈಗ ನನ್ನ ಅನಿಸಿಕೆ. ಹಳೇ ಇಂಜಿನ್ ಆಯಿಲನ್ನು ನಮ್ಮೂರಲ್ಲಿ ಯಾರೂ ಚೆಲ್ಲೋದಿಲ್ಲ, ಕ್ಯಾನಿನಲ್ಲಿ ಜೋಪಾನವಾಗಿ ಇಡುತ್ತಾರೆ. ಯಾಕೆ? ಅದಕ್ಕೆ ಕಾಸು ಬರುತ್ತದೆ. ಕೂಲಂಟಿಗೆ ಕಾಸಿಲ್ಲ, ಆದ್ದರಿಂದ ನೆಲದ ಪಾಲು. ಬ್ಯಾಟರಿ ನೋಡಿ. ಹೊಸದು ಕೊಳ್ಳುವಾಗ ಹಳೇದನ್ನು ಅಂಗಡಿಯವರು ವಾಪಸ್ ತಗೊಳ್ಳಬೇಕು ಅಂತ 2001ರಲ್ಲೇ ಸರ್ಕಾರ ನಿಯಮ ಮಾಡಿತು. ಕೂಲಂಟ್ ಮಾರುವವರೂ ಹಾಗೇ ಒಂದು ಡ್ರಮ್ಮು ಇಟ್ಟು ಹಳೇದನ್ನು ತಗೊಳ್ಳಲಿ. ಮಾರುವಾಗ ಇರುವ ಉತ್ಸಾಹ ಆಮೇಲೂ ಇರಬೇಕು. ತುಂಬಿದ ಡ್ರಮ್ಮನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರಿಗೆ ಒಪ್ಪಿಸುವುದು ಒಬ್ಬ ರೈತನ ಕೈಲಾಗದು, ಅಂಗಡಿಯವರ ಕೈಲಾಗುತ್ತದೆ.

ಅಲ್ಲಿಯವರೆಗೆ ಮನೆಯಲ್ಲಿ ಇಷ್ಟು ಮಾಡಬಹುದು. ಬಿಚ್ಚುವ ಮುಂಚೆ ಕೆಳಗೆ ಅಗಲವಾದ ಹಳೇ ಬಾಂಡ್ಲಿ ಇಡಿ. ಮುಚ್ಚಳ ಗಟ್ಟಿ ಇರುವ ಕ್ಯಾನಿಗೆ ತುಂಬಿ ವಿಷ ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಜ್ಯೂಸಿನ ಬಾಟಲಿಗಂತೂ ಖಂಡಿತ ಹಾಕಬೇಡಿ, ಪುಟ್ಟ ಮಕ್ಕಳಿಗೆ ಏನು ಗೊತ್ತಾಗುತ್ತೆ? ಹಳೇ ಆಯಿಲ್ ಜೊತೆ ಬೆರೆಸಬೇಡಿ, ಎರಡೂ ಕೆಡುತ್ತವೆ. ಚೆಲ್ಲಿದರೆ ತಕ್ಷಣ ಮರಳೋ ಮರದ ಹೊಟ್ಟೋ ಹಾಕಿ ಹೀರಿಸಿ, ಅದನ್ನೂ ಚೀಲಕ್ಕೆ ತುಂಬಿ ಬೇರೆ ಇಡಿ.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಲು ನನಗೆ ಭಯವಿತ್ತು. ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಆದರೆ ಹೋದ ತಿಂಗಳು ರೇಡಿಯೇಟರ್ ಮತ್ತೆ ಸೋರಿದಾಗ ಮೆಕ್ಯಾನಿಕ್ ಕೈ ಹಾಕುವ ಮುಂಚೆ ತಾವೇ ಬಾಂಡ್ಲಿ ತಂದಿಟ್ಟರು. ಆ ಕ್ಯಾನು ಈಗ ಗೊಬ್ಬರದ ಕೋಣೆಯಲ್ಲಿ ಬೀಗದೊಳಗಿದೆ. ಈ ಸಂತೆಗೆ ಹೋದಾಗ ಅಂಗಡಿಯವರನ್ನು ಕೇಳ್ತೀವಿ. ತಗೊಳ್ಳೋದಿಲ್ಲ ಅಂದರೆ ವಾಪಸ್ ತಂದು ಅಲ್ಲೇ ಇಡ್ತೀವಿ, ಮುಂದಿನ ಸಂತೆಗೆ ಮತ್ತೆ ಕೇಳ್ತೀವಿ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ